ರಾಚೂಟಪ್ಪನ ಕಣ್ಣು
ನಟ ಟಿ. ಎನ್. ಬಾಲಕೃಷ್ಣ ಅವರೆಂದರೆ ಮನೆಮುರುಕತನದ ಸಾಕ್ಷಾತ್ ಮೂರ್ತಿಯೆಂದೇ ಬಗೆದು, ಅವರು ತೆರೆಯ ಮೇಲೆ ಕಾಣಿಸಿಕೊಂಡೊಡನೆ ಮೊಗ ಸಿಂಡರಿಸುತ್ತಿದ್ದ ನನ್ನ ಬಾಲ್ಯದ ತೀರ್ಪನ್ನು, 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಅವರೇ ಅಭಿನಯಿಸಿದ ರಾಚೂಟಪ್ಪನು ಬುಡಸಮೇತ ಕಿತ್ತೊಗೆದನು. ಕಥಾನಾಯಕ ರಾಜೀವನ ಬೆನ್ನಿಗೆ ನಿಂತ ಆ ಹಳ್ಳಿಗನ ವಾತ್ಸಲ್ಯವು ಮಾತಾಗಿ ಹೊಮ್ಮುವುದಕ್ಕೆ ಮುನ್ನವೇ ಕಣ್ಣಂಚಿನಲ್ಲಿ ಮೂಡಿ ನಿಲ್ಲುವ ಬಗೆಯನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ. ಶ್ರವಣಶಕ್ತಿ ಬಹಳವಾಗಿ ಕುಂದಿದ್ದ ಈ ಮಹಾನಟರು ಎದುರಿನವರ ತುಟಿಗಳ ಚಲನೆಯನ್ನೇ ಗ್ರಹಿಸಿ ತಮ್ಮ ಮಾತಿನ ಸರದಿಯನ್ನು ಅರಿಯುತ್ತಿದ್ದರೆಂಬುದನ್ನು ತಿಳಿದ ಮೇಲಂತೂ, ನಾನು ಹಿಂದೆ ಕುಟಿಲತೆಯೆಂದು ಹಳಿದಿದ್ದ ಆ ನೆಟ್ಟ ನೋಟದಲ್ಲಿ, ಕಿವಿಯ ಕೆಲಸವನ್ನೂ ಕಣ್ಣಿಗೇ ಒಪ್ಪಿಸಿದವರ ಏಕಾಗ್ರತೆಯು ಗೋಚರಿಸಲಾರಂಭಿಸಿತು. ಅವರ ದುಷ್ಟಪಾತ್ರಗಳ ಹಳೆಯ ಚಿತ್ರಗಳನ್ನು ಈಗ ಒಂದೊಂದಾಗಿ ಹುಡುಕಿ, ಆ ಕಣ್ಣುಗಳಿಗಾಗಿಯೇ ಮತ್ತೆ ನೋಡುತ್ತಿದ್ದೇನೆ.