ಒಂದೇ ರಂಧ್ರದ ಎರಡು ಸಾಕ್ಷಿಗಳು

ವಿಮಾನಚಾಲಕನ ಎದುರಿನಲ್ಲಿ ಎತ್ತರವನ್ನು ತೋರಿಸುವ ಮಾಪಕವೊಂದು, ವೇಗವನ್ನು ತೋರಿಸುವ ಮಾಪಕವೊಂದು ಇರುತ್ತವೆ. ವಸ್ತುತಃ ಮೊದಲನೆಯದು ಎತ್ತರವನ್ನು ಅಳೆಯುವುದಿಲ್ಲ, ಎರಡನೆಯದು ವೇಗವನ್ನು ಅಳೆಯುವುದಿಲ್ಲ. ಎರಡೂ ಅಳೆಯುವುದು ಗಾಳಿಯ ಒತ್ತಡವನ್ನು, ಉಳಿದದ್ದೆಲ್ಲ ಲೆಕ್ಕಾಚಾರ. ಈ ಭೇದವನ್ನು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ಮನನ ಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ವಿಮಾನದ ಪಾರ್ಶ್ವದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಗಾಳಿಯ ಪ್ರವಾಹವು ಅವುಗಳ ಬಾಯಿಗೆ ನೇರವಾಗಿ ಬಡಿಯದೆ ಪಕ್ಕದಲ್ಲಿ ಹಾದುಹೋಗುವುದರಿಂದ, ಅವು ಸುತ್ತಲಿನ ವಾಯುಮಂಡಲದ ಸ್ಥಿರ ಒತ್ತಡವನ್ನು ಗ್ರಹಿಸುತ್ತವೆ. ಸಮುದ್ರಮಟ್ಟದಲ್ಲಿ ಈ ಒತ್ತಡದ ಪ್ರಮಾಣಮೌಲ್ಯ 1013.25 ಹೆಕ್ಟೋಪಾಸ್ಕಲ್. ಅಲ್ಲಿಂದ ಮೇಲೇರುವಾಗ ಸುಮಾರು 8 ಮೀಟರಿಗೊಮ್ಮೆ ಅದು ಒಂದು ಹೆಕ್ಟೋಪಾಸ್ಕಲಿನಷ್ಟು ಇಳಿಯುತ್ತದೆ. ಈ ಇಳಿಕೆಯೇ ಎತ್ತರದ ಅಳತೆ.

ವೇಗಕ್ಕೆ ಇನ್ನೊಂದು ಸಾಧನ ಬೇಕು. 1732ರಲ್ಲಿ ಆಂರಿ ಪಿಟೋ ಎಂಬ ಫ್ರೆಂಚ್ ಎಂಜಿನಿಯರನು ಸೇನ್ ನದಿಯ ಹರಿವನ್ನು ಅಳೆಯಲು ಪ್ರವಾಹಕ್ಕೆ ಎದುರಾಗಿ ಹಿಡಿದ ಬಾಗುನಳಿಗೆಯೇ ಇಂದಿನ ವಿಮಾನಗಳ ಪಿಟೋ ನಳಿಗೆಯ ಪೂರ್ವಜ. ಎದುರುಗಾಳಿ ನಳಿಗೆಯೊಳಗೆ ತಡೆದು ನಿಂತಾಗ ಒತ್ತಡ ಹೆಚ್ಚುತ್ತದೆ. ಅದರಿಂದ ಸ್ಥಿರ ಒತ್ತಡವನ್ನು ಕಳೆದರೆ ವೇಗ ದೊರೆಯುತ್ತದೆ. ಸಮುದ್ರಮಟ್ಟದ ಬಳಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಈ ವ್ಯತ್ಯಾಸ ಕೇವಲ 60 ಹೆಕ್ಟೋಪಾಸ್ಕಲಿನಷ್ಟು. ಹೀಗಾಗಿ ಸ್ಥಿರರಂಧ್ರಗಳು ಮುಚ್ಚಿದರೆ ಎತ್ತರ, ವೇಗ ಎರಡೂ ಸುಳ್ಳಾಗುತ್ತವೆ.

1996ರ ಅಕ್ಟೋಬರ್ 2ರಂದು ಪೆರು ದೇಶದ ಲೀಮಾದಲ್ಲಿ ಹೀಗೆಯೇ ಆಯಿತು. ಏರೋಪೆರು ಸಂಸ್ಥೆಯ ಬೋಯಿಂಗ್ 757 ವಿಮಾನವನ್ನು ತೊಳೆಯುವಾಗ ಸ್ಥಿರರಂಧ್ರಗಳ ಮೇಲೆ ಹಚ್ಚಿದ್ದ ಅಂಟುಪಟ್ಟಿಯನ್ನು ತೆಗೆಯದೆ ಬಿಡಲಾಗಿತ್ತು. ಮಧ್ಯರಾತ್ರಿಯ ಅನಂತರ ಮೇಲೇರಿದ ವಿಮಾನದ ಮಾಪಕಗಳು ಅಸಂಬದ್ಧವಾದ ಅಂಕಿಗಳನ್ನು ತೋರಿಸತೊಡಗಿದವು. ಕೆಳಗೆ ಕತ್ತಲೆಯ ಸಮುದ್ರ. ಚಾಲಕರು ನೆಲದ ನಿಯಂತ್ರಣ ಕೇಂದ್ರವನ್ನು ತಮ್ಮ ಎತ್ತರವೆಷ್ಟೆಂದು ಕೇಳಿದರು. ಕೇಂದ್ರವು ರಾಡಾರ್ ಪರದೆಯನ್ನು ನೋಡಿ 9,700 ಅಡಿ ಎಂದಿತು. ಆದರೆ ಆ ಅಂಕಿ ರಾಡಾರ್ ಅಳೆದದ್ದಲ್ಲ. ಅದೇ ವಿಮಾನವು ತನ್ನ ಕೆಟ್ಟ ಮಾಪಕದಿಂದ ಓದಿ ರೇಡಿಯೋ ಮೂಲಕ ಕಳುಹಿಸಿದ್ದು! ಎರಡನೆಯ ಸಾಕ್ಷಿಯೆಂದು ತೋರಿದ್ದು ಮೊದಲನೆಯದರ ಮಾರ್ದನಿ ಮಾತ್ರ. ವಿಮಾನ ಸಮುದ್ರಕ್ಕಪ್ಪಳಿಸಿ 70 ಮಂದಿಯೂ ಮಡಿದರು.

ಅಂದು ನಿಜ ನುಡಿದ ಸಾಕ್ಷಿಯೊಂದು ಇದ್ದೇ ಇತ್ತು. ರೇಡಿಯೋ ತರಂಗವನ್ನು ಕೆಳಕ್ಕೆ ಕಳುಹಿಸಿ, ಅದು ಮರಳುವ ಕಾಲದಿಂದ ಎತ್ತರವನ್ನು ತಿಳಿಯುವ ಮಾಪಕಕ್ಕೆ ಗಾಳಿಯ ಒತ್ತಡದ ಹಂಗಿಲ್ಲ. ಅದನ್ನವಲಂಬಿಸಿದ ಎಚ್ಚರಿಕೆಯ ಧ್ವನಿ ಮೊಳಗಿತ್ತು. ಆದರೆ ಪರಸ್ಪರ ವಿರುದ್ಧವಾದ ಹಲವು ಎಚ್ಚರಿಕೆಗಳ ಗದ್ದಲದಲ್ಲಿ ಯಾವುದನ್ನು ನಂಬಬೇಕೆಂಬುದೇ ಚಾಲಕರಿಗೆ ತಿಳಿಯದಾಯಿತು.

ಮಾಪಕಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದ ಏರ್ ಫ್ರಾನ್ಸ್ ವಿಮಾನದಲ್ಲಿ ಮೂರು ಪಿಟೋ ನಳಿಗೆಗಳಿದ್ದವು. ಹಿಮದ ಹರಳುಗಳು ನಳಿಗೆಗಳಿಗೆ ಅಡಚಿಕೊಂಡುದರಿಂದ ವೇಗದ ಅಂಕಿಗಳು ಸ್ವಲ್ಪ ಕಾಲ ನಂಬಲರ್ಹವಾಗಿ ಉಳಿಯಲಿಲ್ಲ. ದುರಂತಕ್ಕೆ ಇದೊಂದೇ ಕಾರಣವಲ್ಲವಾದರೂ ಆರಂಭವಾದದ್ದು ಇಲ್ಲಿಂದಲೇ. ಒಂದೇ ಬಗೆಯ ಸಾಧನಗಳಿಗೆ ಒಂದೇ ಬಗೆಯ ಕೇಡು ಒಟ್ಟಿಗೇ ತಟ್ಟಬಲ್ಲದು.

ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದನ್ನು ಇದರೊಡನೆ ಹೋಲಿಸಿ ನೋಡೋಣ. ಮುಂದೋಡುವ ಒಂದೇ ಗಡಿಯಾರದಿಂದ ಇಬ್ಬರು ವಿದ್ಯಾರ್ಥಿಗಳು ಸರಳ ಲೋಲಕದ ಆವರ್ತಕಾಲವನ್ನು ಅಳೆಯುತ್ತಾರೆ. ಉತ್ತರಗಳು ಹೊಂದಿದವೆಂದು ಇಬ್ಬರಿಗೂ ಪೂರ್ಣ ಅಂಕ ದೊರೆಯುತ್ತದೆ. ಆ ಹೊಂದಾಣಿಕೆ ಯಾವುದನ್ನೂ ಸಾಧಿಸಿಲ್ಲ. ಹತ್ತು ಸಲ ಅಳೆದು ಸರಾಸರಿ ತೆಗೆದರೂ ಗಡಿಯಾರದ ದೋಷ ಹಾಗೆಯೇ ಉಳಿಯುತ್ತದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಉತ್ತರವೆಷ್ಟು ಎಂಬುದರ ಜೊತೆಗೆ, ಉಪಕರಣ ನೇರವಾಗಿ ಅಳೆದದ್ದೇನು, ಅದನ್ನು ಬೇರೆ ಯಾವ ಮಾರ್ಗದಿಂದ ಒರೆಹಚ್ಚಬಹುದು ಎಂಬ ಎರಡು ಪ್ರಶ್ನೆಗಳೂ ಇರಬೇಕು, ಅವುಗಳಿಗೂ ಅಂಕಗಳಿರಬೇಕು. ಉಪಕರಣಗಳನ್ನು ನಂಬಬಾರದೆಂದು ನಾವು ಹೇಳುತ್ತಿಲ್ಲ. ನಂಬುವ ಮುನ್ನ ಅವು ಯಾವ ರಂಧ್ರದಿಂದ ಉಸಿರಾಡುತ್ತಿವೆಯೆಂದು ತಿಳಿದಿರಬೇಕು.