ಹಾಡಿನ ಆಯ್ಕೆ

ಮೈಸೂರಿನ ನಜರ್‌ಬಾದಿನ ಮನೆಯೊಂದರಲ್ಲಿ ಶ್ರುತಿಪೆಟ್ಟಿಗೆಯ ಮುಂದೆ ಕುಳಿತ ಬಾಲಕನಿಗೆ, ಕಿರುತೆರೆಯ ಗಾಯನಸ್ಪರ್ಧೆಯ ಧ್ವನಿಪರೀಕ್ಷೆ ಸಮೀಪಿಸಿತೆಂದರೆ ಎದುರಾಗುವ ಪ್ರಶ್ನೆ ಒಂದೇ: ಯಾವ ಹಾಡನ್ನು ಹಾಡುವುದು? ತೀರ್ಪುಗಾರರನ್ನು ಬೆರಗುಗೊಳಿಸಲೆಂದು ಅನೇಕರು ತಾರಸ್ಥಾಯಿಯ ಚಿತ್ರಗೀತೆಗಳನ್ನೇ ಆರಿಸುತ್ತಾರೆ. ಕಂಠಕ್ಕೆ ಎಟುಕದ ಸ್ವರವನ್ನು ಬಲವಂತದಿಂದ ಹಿಡಿಯಹೋದಾಗ ಶ್ರುತಿ ಜಾರುತ್ತದೆ, ಉಸಿರು ತುಂಡಾಗುತ್ತದೆ. ಧ್ವನಿ ಒಡೆಯುವ ಹರೆಯದಲ್ಲಂತೂ ಈ ಸಾಹಸ ತರವಲ್ಲ. ಆಯ್ಕೆಯಾಗದ ಮಗು ತನಗೆ ಕಂಠವೇ ಇಲ್ಲವೆಂದು ಬಗೆದು ಹಾಡುವುದನ್ನೇ ಬಿಟ್ಟೀತು. ಸೋತದ್ದು ಕಂಠವಲ್ಲ, ಹಾಡಿನ ಆಯ್ಕೆ.

ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಸ್ಪರ್ಧೆಯ ಹೆಸರು ಜಿ. ಎಸ್. ಶಿವರುದ್ರಪ್ಪನವರ ಭಾವಗೀತೆಯನ್ನು ನೆನಪಿಗೆ ತರುತ್ತದೆ. ಆ ಹೆಸರಿನಲ್ಲಿಯೇ ಉತ್ತರವಿದೆ. ಕಂಠ ನಿರಾಯಾಸವಾಗಿ ಸಂಚರಿಸಬಲ್ಲ, ಅರ್ಥ ಮನದಟ್ಟಾದ ಹಾಡು ಮಾತ್ರ ಎದೆಯನ್ನು ತುಂಬಬಲ್ಲುದು. ಅದು ಸರಳವಾಗಿದ್ದರೂ ಲೇಸು. ಸ್ಪರ್ಧೆ ಮುಗಿದ ಬಳಿಕವೂ ಹಾಡಿದವನ ಬಳಿ ಉಳಿಯುತ್ತದೆ.