ಕಪ್ಪ ಕೊಟ್ಟು ಕೊಂಡ ಶಾಂತಿ

ಬಲಶಾಲಿಯಾದ ಆಕ್ರಮಣಕಾರನಿಗೆ ಕೇಳಿದ್ದನ್ನು ಕೊಟ್ಟು ಯುದ್ಧವನ್ನು ತಪ್ಪಿಸಿಕೊಳ್ಳುವುದೇ ರಾಜನೀತಿಯ ಪರಾಕಾಷ್ಠೆಯೆಂದು ಪ್ರತಿಪಾದಿಸಿದ ನಮ್ಮ ನೆರೆಯ ಮಾಸಪತ್ರಿಕೆಯೊಂದು, ಆ ವಾದಕ್ಕೆ ಶ್ರೀಕೃಷ್ಣಸಂಧಾನವನ್ನೇ ಸಾಕ್ಷಿಗೆ ಕರೆದಿದೆ. ಐದು ಗ್ರಾಮಗಳನ್ನು ಬೇಡಿದವನ ಬೆನ್ನ ಹಿಂದೆ ಉಪಪ್ಲಾವ್ಯದಲ್ಲಿ ಏಳು ಅಕ್ಷೋಹಿಣಿ ಸೇನೆ ನೆರೆದಿತ್ತೆಂಬುದನ್ನು ಆ ಸಂಪಾದಕ ಮಹಾಶಯರು ಮರೆತರೋ ಮರೆಸಿದರೋ ತಿಳಿಯದು.

ದ್ವಾಪರದವರೆಗೆ ಹೋಗುವ ಶ್ರಮವಾದರೂ ಏಕೆ? ನಮ್ಮ ಕಾರ್ಯಾಲಯವಿರುವ ಬಾಪೂಜಿ ನಗರದ ಅಂಚಿನಲ್ಲೇ ಹಾಯುವ ಮೈಸೂರು ರಸ್ತೆಯನ್ನು ಹಿಡಿದು ಶ್ರೀರಂಗಪಟ್ಟಣದವರೆಗೆ ಹೋದರೆ ಸಾಕು. 1755ರಲ್ಲಿ ಹೈದರಾಬಾದಿನ ನಿಜಾಮ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಬಂದು ಬಾಕಿ ಕಪ್ಪವನ್ನು ಕೇಳಿದಾಗ, ಮೈಸೂರು ಸೈನ್ಯದ ಮುಖ್ಯ ಭಾಗವೆಲ್ಲ ಆರ್ಕಾಟಿನ ನವಾಬನ ಹುಸಿ ಮಾತನ್ನು ನಂಬಿದ ಸರ್ವಾಧಿಕಾರಿ ನಂಜರಾಜಯ್ಯನೊಡನೆ ತಿರುಚಿರಾಪಳ್ಳಿಯ ಕಡೆ ಇದ್ದುದರಿಂದ, ದಳವಾಯಿ ದೇವರಾಜಯ್ಯನು 56 ಲಕ್ಷ ರೂಪಾಯಿಗೆ ಒಪ್ಪಿ, ದೇವಾಲಯಗಳ ಬೆಳ್ಳಿ ಬಂಗಾರವನ್ನೂ ಅರಮನೆಯ ಒಡವೆಗಳನ್ನೂ ರಾಶಿ ಹಾಕಿದರೂ ಮೂರನೆಯ ಒಂದು ಪಾಲಿನಷ್ಟೇ ಕೂಡಿಬರಲು, ಮಿಕ್ಕುದಕ್ಕೆ ಸಾಹುಕಾರರ ಹುಂಡಿಗಳನ್ನು ಬರೆಸಿಕೊಟ್ಟನು. ಎರಡೇ ವರ್ಷಗಳಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ಬಂದಿಳಿದನು. ಆಗ 32 ಲಕ್ಷ. ಕೈಗೆಟಕಿದಷ್ಟು ನಗದು, ಉಳಿದುದಕ್ಕೆ ತಾಲ್ಲೂಕುಗಳ ಅಡಮಾನ.

ದೇವರಾಜಯ್ಯನನ್ನು ನಾವು ಹಳಿಯುವುದಿಲ್ಲ. ಪಡೆಯಿಲ್ಲದವನು ಮತ್ತೇನು ಮಾಡಿಯಾನು? ಆತನ ಅಸಹಾಯಕತೆಗೆ ವಿವೇಕವೆಂಬ ಬಿರುದು ಕಟ್ಟುವವರ ಮೇಲೆಯೇ ನಮ್ಮ ಕೋಪ. ಬೊಕ್ಕಸ ಬರಿದಾದ ಮೇಲೆ ಸಂಬಳ ಕಾಣದ ಸಿಪಾಯಿಗಳು 1758ರಲ್ಲಿ ನಂಜರಾಜಯ್ಯನ ಮನೆಬಾಗಿಲಿಗೆ ಧರಣಿ ಕುಳಿತು, ಒಳಕ್ಕೆ ಅನ್ನ ನೀರು ಹೋಗದಂತೆ ತಡೆದರು. ಅವರ ಬಾಕಿಯನ್ನು ತೀರಿಸಿ ಎಬ್ಬಿಸಿದವನು ಹೈದರಾಲಿ. ಅಂದಿನಿಂದ ಆ ಸಿಪಾಯಿಗಳು ಯಾರ ಮುಖ ನೋಡಿ ನಡೆದರೆಂಬುದಕ್ಕೆ 1761ರ ಅಧಿಕಾರಪಲ್ಲಟವೇ ಉತ್ತರ. ಮರಾಠರಾದರೂ ಸುಮ್ಮನಿದ್ದರೆ? ಅವರ ಸೇನಾನಿ ಗೋಪಾಲರಾಯನು ನಮ್ಮ ಬೆಂಗಳೂರಿಗೇ ಮುತ್ತಿಗೆ ಹಾಕಿದನು.

1938ರ ಮ್ಯೂನಿಕ್ಕಿನಲ್ಲಿ ಚೇಂಬರ್ಲೇನನು ಹಿಟ್ಲರನಿಗೆ ಬಿಟ್ಟುಕೊಟ್ಟದ್ದೂ ಬರಿಯ ನೆಲವನ್ನಲ್ಲ. ಝೆಕ್ಕರ ಗಡಿಕೋಟೆಗಳಲ್ಲಿ ಬಹುಪಾಲು ಆ ಸುಡೆಟನ್ ಬೆಟ್ಟಸಾಲಿನಲ್ಲಿದ್ದುವು. ಮರುವರ್ಷದ ಮಾರ್ಚಿಯಲ್ಲಿ ಪ್ರಾಗ್ ನಗರವನ್ನು ಹೊಗಲು ಹಿಟ್ಲರನು ಗುಂಡು ಹಾರಿಸಬೇಕಾಗಲಿಲ್ಲವೆಂದರೆ ಆಶ್ಚರ್ಯವೇನು? ಕಾದುವ ಸಾಧನವನ್ನೇ ಶಾಂತಿಯ ಬೆಲೆಯಾಗಿ ತೆತ್ತವನಿಗೆ ಎರಡನೆಯ ಸಲ ಸಂಧಿಯ ಮಾತಾಡಲು ನಾಲಗೆಯಾದರೂ ಎಲ್ಲಿ ಉಳಿದೀತು?

ಚಿಕ್ಕದೇವರಾಜ ಒಡೆಯರಿಂದ ಒಂದೇ ನೆಗೆತಕ್ಕೆ ಹೈದರನ ಬಳಿಗೆ ಹಾರುವ ನಮ್ಮ ಪಠ್ಯಪುಸ್ತಕಗಳಿಗೆ ಈ ನಡುವಣ ಕಾಲ ಬೇಡವಾಗಿದೆ. ಅವನ್ನೇ ಓದಿ ಬೆಳೆದವರು ಸಂಪಾದಕರಾದಾಗ ಇಂಥ ಲೇಖನಗಳನ್ನು ಬರೆಯುತ್ತಾರೆ. ಮುಂದಿನ ಸಂಚಿಕೆ ದಳವಾಯಿಗಳ ಕಾಲಕ್ಕೆ ಮೀಸಲು. ನೆರೆಯವರು ಉತ್ತರ ಬರೆದರೆ ಅದಕ್ಕೂ ಸ್ಥಳವುಂಟು, ಆರು ಪುಟ ಮೀರದಿದ್ದರೆ.